ಫಲ್ಲಿ ಆರಿಸಿದ ಬೆಂಕಿ

ನಗುವವರು ಈಗಲೇ ನಕ್ಕುಬಿಡಿ. ಇದು ಮೆಕಾಂಗ್ ದಂಡೆಯ ನಮ್ಮೂರಲ್ಲಿ, ನಮ್ಮ ಪಕ್ಕದ ಮನೆಯ ಕೊಲಾಪ್‌ಗೆ ಆದದ್ದು.

ಕೊಲಾಪ್ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವವಳು. ಅವತ್ತು ಓವರ್‌ಟೈಮ್ ಮುಗಿಸಿ ಕೆಲಸಗಾರರ ಲಾರಿ ಇಳಿದಾಗ ರಾತ್ರಿ ಹತ್ತೂವರೆ. ಬೌದ್ಧ ವಿಹಾರದ ಬಾವಿ ದಾಟಿಯೇ ಮನೆಗೆ ಬರಬೇಕು. ಬಾವಿಯೊಳಗೆ ಗುಳುಕ್... ಗುಳುಕ್... ಕೊಡ ಮುಳುಗುವ ಸದ್ದು. ಹಗ್ಗ ಕಿರ್ರ್ ಅಂದಿತು. ಕಟ್ಟೆಯ ಹತ್ತಿರ ಒಬ್ಬಳು ಬೆನ್ನು ಮಾಡಿ ನಿಂತಿದ್ದಳು.

"ಯಾರದು... ಇಷ್ಟು ಹೊತ್ತಲ್ಲಿ ನೀರು?"

"ನಿಮ್ಮನೆಗೇ ಕಣೇ," ಅವಳು ಪಿಸುಗುಟ್ಟಿದಳು. "ನಿಮ್ಮಕ್ಕ ಬೇಯ್ತಾ ಇದಾಳೆ."

ಆ ದನಿ... ಫಲ್ಲಿಯದು. ನಮ್ಮ ಕೇರಿಯಲ್ಲೇ ಬಾಣಂತನದಲ್ಲಿ ಜ್ವರ ಏರಿ ಸತ್ತು ಎರಡು ವರ್ಷವಾಗಿದ್ದ ಫಲ್ಲಿಯದು. ಕೊಲಾಪ್ ಚಪ್ಪಲಿ ಬಿಟ್ಟು ಓಡಿದಳು.

ಮನೆಯಲ್ಲಿ ಅಕ್ಕ ಮಾಲಿಸ್ ಹೆತ್ತು ಒಂಬತ್ತು ದಿನ. ಬಿದಿರ ಮಂಚದ ಮೇಲೆ ಮಲಗಿದ್ದಳು, ಮಂಚದ ಕೆಳಗೆ ಕೆಂಡ. ಬಾಣಂತಿಯ ಹಸಿ ಮೈ ಹಾಗೆ ಕಾಯಿಸಬೇಕು ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸುಸ್ತು ಅಂದಾಗಲೆಲ್ಲ ಅಮ್ಮ ಅಂಗಡಿಯಿಂದ ಮಾತ್ರೆ ಪೊಟ್ಟಣ ತರುತ್ತಿದ್ದಳು. ಕೆಮ್ಮಿಗೂ ಅದೇ, ಗಾಯಕ್ಕೂ ಅದೇ, ಕೆಂಪು ಹಳದಿ ಕ್ಯಾಪ್ಸೂಲ್. ಆಗಲೇ ಮೂರು ಪೊಟ್ಟಣ ಮುಗಿದಿದ್ದವು. ಮೈ ಬಿಸಿ ಅಂದರೆ, ಬೆಂಕಿಯ ಮೇಲೆ ಮಲಗಿದವಳ ಮೈ ಇನ್ನೇನು ತಣ್ಣಗಿರುತ್ತಾ ಅಂತ ಎಲ್ಲರೂ ಸುಮ್ಮನಿದ್ದರು.

ಕೊಲಾಪ್ ಒಳಗೆ ಕಾಲಿಟ್ಟಳು. ಮಂಚದ ಕೆಳಗೆ ಚುಂಯ್‌ಯ್... ಹಬೆ ಎದ್ದಿತು. ಕೆಂಡವೆಲ್ಲ ಒಂದೇ ಸಲ ಕಪ್ಪಾಯಿತು. ನೀರು ಸುರಿದವರು ಯಾರೂ ಇಲ್ಲ.

"ಪ್ರೇತ! ಕೂಸಿಗೇ ಬಂದಿದೆ!" ಅಮ್ಮ ಕಿರುಚಿದಳು. "ಬೆಂಕಿಪೆಟ್ಟಿಗೆ ತಾರೇ!"

ಹಚ್ಚಿದರು. ಚುಂಯ್. ಮತ್ತೆ ಹಚ್ಚಿದರು. ಚುಂಯ್‌ಯ್... ಅರ್ಧ ಗಂಟೆ ಕಳೆಯಿತು. ಕೊಲಾಪ್ ಒಂದು ಇದ್ದಿಲು ಎತ್ತಿಕೊಂಡಳು. ತಣ್ಣಗಿತ್ತು. ಆಮೇಲೆ ಅಕ್ಕನ ಹೊಟ್ಟೆ ಮುಟ್ಟಿದಳು. ಕೈ ತಟ್ಟನೆ ಹಿಂದೆ ಬಂತು.

"ಅಮ್ಮ... ಬೆಂಕಿ ಆರಿದೆ. ಇವಳ್ಯಾಕೆ ಸುಡ್ತಿದಾಳೆ?"

ಅಮ್ಮ ಬಾಯಿ ಜೋರು ಮಾಡಿದಳು. "ಬೆಳಿಗ್ಗೆ ಮಂತ್ರದವನನ್ನ ಕರೆಸ್ತೀನಿ. ಐದು ಹೆತ್ತೋಳು ನಾನು, ಇದೇ ಬೆಂಕಿ ಮೇಲೆ!"

"ಫಲ್ಲಿ ಅಕ್ಕ ಸತ್ತಿದ್ದೂ ಇದೇ ಬೆಂಕಿ ಮೇಲೆ. ಇದೇ ಮಾತ್ರೆ ನುಂಗಿ."

"ಹೊರಗೆ ಪ್ರೇತ ಇದೆ ಕಣೇ!"

"ಇರಲಿ. ನಿಮ್ಮೆಲ್ಲರಿಗಿಂತ ಅದಕ್ಕೇ ಬುದ್ಧಿ ಇದೆ. ದಾರಿ ಬಿಡು!"

ನಮ್ಮ ಮನೆಯ ಮೋಟಾರ್ ಗಾಡಿಯಲ್ಲಿ ಅಕ್ಕನನ್ನು ಮಲಗಿಸಿ ಅವಳು ಹೊರಟೇಬಿಟ್ಟಳು. ಹೆಣ್ಣು ಅಂದರೆ ಅವಳು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. "ಈ ಸೋಂಕು ಮಾಮೂಲಿ ಔಷಧಿ ಯಾವುದಕ್ಕೂ ಬಗ್ಗುತ್ತಿಲ್ಲ. ಸಿಕ್ಕಸಿಕ್ಕ ಕಡೆ ನುಂಗಿ ನುಂಗಿ ಕ್ರಿಮಿಗಳಿಗೆ ರೂಢಿ ಆಗಿಬಿಟ್ಟಿದೆ," ಅಂದರು. "ಇನ್ನೊಂದು ದಿನ ತಡವಾಗಿದ್ರೆ..." ಐದನೆಯ ಔಷಧಿ ಹಿಡಿಯಿತು. ಹತ್ತೊಂಬತ್ತು ದಿನ ಸೂಜಿ. ಎರಡು ಹಸು ಮಾರಿದರು. ಗರ್ಭಕೋಶ ತೆಗೆಯಬೇಕಾಯಿತು. ಇಪ್ಪತ್ತೆರಡು ವರ್ಷದ ಹುಡುಗಿ! ಹೇಳುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತೆ. ಆದರೆ ಜೀವ ಉಳಿಯಿತು.

ಮನೆಗೆ ಬಂದ ದಿನ ಅಮ್ಮ ಕಣ್ಣು ಒರೆಸಿಕೊಳ್ಳುತ್ತಲೇ ಮತ್ತೆ ಇದ್ದಿಲು ಹರಡಿದಳು. ಪಾಪ, ಅವಳಿಗೆ ಗೊತ್ತಿದ್ದ ಪ್ರೀತಿ ಅಷ್ಟೇ. ಮಾಲಿಸ್ ಕೂಸನ್ನು ಎದೆಗೆ ಒತ್ತಿಕೊಂಡು, "ಹಚ್ಚು ನೋಡೋಣ," ಅಂದಳು.

ಹತ್ತಲಿಲ್ಲ. ಸೀಮೆಎಣ್ಣೆ ಸುರಿದರೂ ಹತ್ತಲಿಲ್ಲ. ಆ ಮಂಚ ಆಮೇಲೆ ಊರಲ್ಲಿ ಏಳು ಬಾಣಂತಿಯರ ಮನೆಗೆ ಹೋಗಿ ಬಂದಿದೆ. ಪಕ್ಕದ ಒಲೆ ಧಗಧಗ ಉರಿಯುತ್ತೆ... ಮಂಚದ ಕೆಳಗೆ ಕಡ್ಡಿ ಗೀರಿದರೆ, ಚುಂಯ್. ನಂಬಿಕೆ ಇಲ್ಲದವರು ಈಗಲೇ ಏಳಿ, ತೋರಿಸುತ್ತೇನೆ. ಸದ್ಯ ಅದು ನಮ್ಮ ಮನೆಯಲ್ಲೇ ಇದೆ, ನನ್ನ ಸೊಸೆಗೆ ದಿನ ತುಂಬಿದೆ.