ನಮ್ಮ ಹಿತ್ತಲಿನ ಗೋರಿಕಲ್ಲು

ಅಧ್ಯಕ್ಷ ಪೀಠದಲ್ಲಿರುವ ಪ್ರಿನ್ಸಿಪಾಲರೇ, ಚರಿತ್ರೆಯ ಅಧ್ಯಾಪಕ ನಾಣಯ್ಯನವರೇ, ಹೆಣ್ಣುಮಕ್ಕಳ ಹಾಸ್ಟೆಲು ನೋಡಿಕೊಳ್ಳುವ ವನಜಮ್ಮನವರೇ, ವಿದ್ಯಾರ್ಥಿಗಳೇ, ಸಭಿಕರೇ,

ಏಳು ವರ್ಷ ಇಲ್ಲಿ ಹೆಡ್ ಗುಮಾಸ್ತನಾಗಿದ್ದ ಈ ಸಣ್ಣಸ್ವಾಮಿ ಇಂದು ನಿವೃತ್ತನಾಗುತ್ತಿದ್ದಾನೆ. ಪ್ರಾಮಾಣಿಕ ಎಂದು ಮೂವರು ಹೊಗಳಿದಿರಿ. ಮೂರು ಸಲವೂ ತಲೆ ತಗ್ಗಿಸಿದೆ. ವಿನಯ ಎಂದುಕೊಂಡಿರಬೇಕು, ನನಗೆ ನಾಚಿಕೆಯಾಗಿತ್ತು.

ಅಂಗಳದ ಗೋರಿಕಲ್ಲಿನ ವಿಷಯ ಹೇಳಬೇಕು. ಕಾಲೇಜಿಗೆಂದು ನೆಲ ಮಟ್ಟ ಮಾಡುವಾಗ ಮಗುಚಿ ಬಿದ್ದಿದ್ದ ಅದನ್ನು ಕೂಲಿಯವರು ಎತ್ತಿ ನಿಲ್ಲಿಸಿದರು. ಸವೆದುಹೋದ ಇಂಗ್ಲಿಷ್ ಬರಹದಲ್ಲಿ ಉಳಿದಿದ್ದದ್ದು ಆರು ಎಂಬ ಅಂಕಿಯೊಂದೇ. ನಾಣಯ್ಯನವರು ಅದರಿಂದ ಆರನೆಯ ಪಲ್ಟಣವನ್ನೂ, ಪಲ್ಟಣದಿಂದ ಒಬ್ಬ ವೀರ ಕ್ಯಾಪ್ಟನನ್ನೂ ತೆಗೆದರು. ಕಡ್ಡಿಯನ್ನು ಗುಡ್ಡ ಮಾಡಿದರು ಎನ್ನಲಾರೆ. ನಿಜ ಗೊತ್ತಿದ್ದ ನಾನೇ ಬಾಯಿ ಮುಚ್ಚಿಕೊಂಡಿದ್ದೆ.

ಅದು ನನ್ನ ಅವ್ವ ಲಿಂಗಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲು. ಈ ಕಾಲೇಜು ನಿಂತಿರುವುದು ನಮ್ಮ ಹಳೆಯ ಹಿತ್ತಲಿನಲ್ಲಿ. ಅಪ್ಪ ಜವರ ಗಾಡಿ ಹೊಡೆಯುತ್ತಿದ್ದ. ಚೆಟ್ಟಳ್ಳಿ ಕಡೆಯ ಎಸ್ಟೇಟಿನಿಂದ ಕಾಫಿ ಮೂಟೆ ತರುವಾಗ, ಇಂಗ್ಲಿಷ್ ದೊರೆಗಳ ಸ್ಮಶಾನದ ಗೋಡೆ ಕುಸಿದು ಉರುಳಿದ್ದ ಈ ಕಲ್ಲನ್ನೂ ಹೇರಿಕೊಂಡು ಬಂದ. ‘ಬಂಗ್ಲೆ ಮೆಟ್ಲು ಕಲ್ಲು ಕಣೆ’ ಎಂದ. ಅವ್ವ ಮೂರು ವರ್ಷ ಅದರ ಮೇಲೆ ಬಟ್ಟೆ ಬಡಿದಳು. ನಾನು ಇಂಗ್ಲಿಷ್ ಕಲಿತ ವರ್ಷ, ಅಕ್ಷರಗಳಿಗೆ ಸುಣ್ಣ ತೀಡಿ ಓದಿ ಹೇಳಿದೆ: ಎಲೆನ್, ಆರು ವರ್ಷ.

ಅವ್ವ ಒಗೆಯುವುದನ್ನು ನಿಲ್ಲಿಸಿದಳು. ‘ಕೂಸಿಂದಾ? ಅದರವ್ವ ಬಂದ್ರೆ ಎಲ್ಲಿ ಅಂತ ಹುಡುಕ್ತಾಳೆ ಮಗಾ? ತಕೊಂಡೋಗಿ ಅಲ್ಲೇ ನಿಲ್ಸು’ ಎಂದಳು. ಅಕ್ಷರ ತುಳಿಯಬಾರದೆಂದು ಕಲ್ಲನ್ನು ಮಗುಚಿ ಹಾಕಿಸಿದಳು. ಸಾಯುವವರೆಗೂ ಹೊಳೆಗೇ ಹೋಗಿ ಒಗೆದಳು. ನಾನು ನಾಳೆ, ನಾಳಿದ್ದು ಎನ್ನುತ್ತಲೇ ಮುದುಕನಾದೆ.

ಕಲ್ಲಿಗೆ ಹಾರ ಹಾಕಿದ ದಿನ ನೀವೆಲ್ಲ ಚಪ್ಪಲಿ ಬಿಟ್ಟು ನಿಂತಿದ್ದಿರಿ. ಅಪ್ಪ ಸ್ಮಶಾನದಿಂದ ಹೇರಿ ತಂದದ್ದು ಎಂದು ಹೇಗೆ ಹೇಳಲಿ? ಮಾನಕ್ಕೆ ಅಂಜಿದೆ. ಅದರ ಕಷ್ಟ ಉಂಡವರು ಯಾರು? ಹಾಸ್ಟೆಲಿನ ಇಪ್ಪತ್ತೆರಡು ಹುಡುಗಿಯರು. ನೀರಿನ ಸೆಲೆ ಇರುವುದು ಆ ಕಲ್ಲಿನ ಬುಡದಲ್ಲೇ. ವನಜಮ್ಮನವರು ಬಾವಿ ಕೇಳಿದಾಗಲೆಲ್ಲ ‘ವೀರನ ಸಮಾಧಿಯ ಬಳಿ ಅಗೆಯಕೂಡದು’ ಎಂಬ ಉತ್ತರ ಟೈಪು ಮಾಡಿದ್ದು ಇದೇ ಕೈ. ಮಕ್ಕಳು ಇವತ್ತಿಗೂ ಹೊಳೆಯಿಂದ ಕೊಡ ಹೊರುತ್ತಿದ್ದಾರೆ.

ನವೆಂಬರಿಗೆ ನಮ್ಮ ಕೊಡಗು ಮೈಸೂರು ರಾಜ್ಯಕ್ಕೆ ಸೇರುತ್ತದೆ. ಕಾಪಾಡಬೇಕಾದ ಸ್ಮಾರಕಗಳ ಪಟ್ಟಿ ಮುಂದಿನ ವಾರ ಅಲ್ಲಿಗೆ ಹೋಗುತ್ತದೆ. ಅದರಲ್ಲಿ ಈ ಕಲ್ಲೂ ಇದೆ. ಹೋದ ಮೇಲೆ ಬಾವಿಯ ಮಾತೇ ಇಲ್ಲ. ಆದ್ದರಿಂದ ಕೇಳಿ: ಅಲ್ಲಿ ಯಾರೂ ಮಲಗಿಲ್ಲ. ಧೈರ್ಯವಾಗಿ ಅಗೆಯಿರಿ.

ನಾಣಯ್ಯನವರೇ, ಕ್ಷಮಿಸಿ. ವನಜಮ್ಮನವರೇ, ನಿಮ್ಮನ್ನು ಕ್ಷಮೆ ಕೇಳಲು ನನಗೆ ಮುಖವಿಲ್ಲ. ಎಲೆನ್ ಮಲಗಿರುವ ಜಾಗ ನನಗೆ ಗೊತ್ತು: ಕುಸಿದ ಗೋಡೆಯ ಪಕ್ಕ, ಕಲ್ಲಿಲ್ಲದ ಪುಟ್ಟ ಗೋರಿ. ಅವ್ವ ಹೇಳಿದ ವಾರವೇ ಹೋಗಿ ನೋಡಿ, ಹಾಗೇ ಬಂದುಬಿಟ್ಟಿದ್ದೆ. ಗೇಟಿನ ಹತ್ತಿರ ಗಾಡಿ ತಂದು ನಿಲ್ಲಿಸಿದ್ದೇನೆ. ಕಲ್ಲು ಎತ್ತಲು ನಾಲ್ಕು ಜನ ಬೇಕು. ಹಾರ ಹಿಡಿದುಕೊಂಡಿರುವವರು ಅದನ್ನು ಮೇಜಿನ ಮೇಲಿಟ್ಟು ನನ್ನ ಜೊತೆ ಬನ್ನಿ.

ಇಷ್ಟು ಹೊತ್ತು ಕೇಳಿದಿರಿ, ನಿಮಗೆಲ್ಲ ನನ್ನ ವಂದನೆ. ನಮಸ್ಕಾರ.