ಬೋರಾಳಿಗೆ ತಮ್ಮ ಹುಟ್ಟಿದ ಮೇಲೆ

ಡೇಗು ನಗರದ ಕೌಟುಂಬಿಕ ನ್ಯಾಯಾಲಯದ ಪಡಸಾಲೆಯಲ್ಲಿ ಮಿಹ್ಯಾಂಗ್ ಎದೆಗೂಸನ್ನು ತಟ್ಟುತ್ತ, ಒಳಗೆ ಹೋದ ಗಂಡನಿಗಾಗಿ ಕಾಯುತ್ತಿದ್ದಳು. ಎದುರಿನ ಬೆಂಚಿನಲ್ಲಿ ವಿಚ್ಛೇದನ ಪಡೆದ ದಂಪತಿ ಕೂತಿದ್ದರು. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

"ಬೋರಾ ಅಪ್ಪ, ಮಗಳ ಖರ್ಚಿನ ದುಡ್ಡು ಅರ್ಧ ಮಾಡಿಸೋಕೆ ಅರ್ಜಿ ಹಾಕಿದೀಯಲ್ಲ, ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಈಗಿನ ಹೆಂಡತಿಗೆ ಮಗು ಹುಟ್ಟಿದೆ. ಸಂಬಳ ಮಾತ್ರ ಅಷ್ಟೇ ಇದೆ."

"ಹಾಗಂತ ಬೋರಾಗೆ ಹಸಿವು ಅರ್ಧ ಆಗುತ್ತಾ?"

"ಅವನೂ ನನ್ನ ಮಗನೇ ತಾನೇ?"

"ಅಲ್ಲ ಅಂದೋರ್ಯಾರು? ನೀನೇ ಫೋನ್ ಮಾಡಿ 'ನಿಂಗೆ ತಮ್ಮ ಬಂದ' ಅಂದೆ. ಕುಣಿದಾಡಿಬಿಟ್ಲು. ಅವನಿಗೆ ಕಾಲುಚೀಲ ಹೆಣೀತಾ ಕೂತಿದಾಳೆ. ಅದೇ ವಾರ ಇಲ್ಲಿಗೆ ಬಂದೆಯಲ್ಲೋ!"

ಅವನು ನೆಲ ನೋಡಿದ. "ಅವಳಿಗೆ ಇದೆಲ್ಲ ಹೇಳ್ಬೇಡ."

"ಪಿಯಾನೋ ಪಾಠ ಯಾಕೆ ಬಿಡಿಸ್ತಿದೀಯ ಅಂತ ಕೇಳಿದ್ರೆ? 'ಅಪ್ಪ ಕೈಬಿಡಲ್ಲ' ಅಂತ ಇಷ್ಟು ವರ್ಷ ನಾನೇ ಹೇಳ್ಕೊಂಡು ಬಂದೆ. ಈ ಸಲ ನೀನೇ ಹೇಳು."

ಪಕ್ಕದ ಕೊಠಡಿಯಿಂದ ಅವರ ಹೆಸರು ಕೂಗಿದರು. ಏಳುತ್ತ ಆ ಹೆಂಗಸು ಮಿಹ್ಯಾಂಗಳ ಕೂಸಿನತ್ತ ಬಾಗಿ, "ಎಷ್ಟು ತಿಂಗಳಮ್ಮಾ?" ಎಂದು ಅಕ್ಕರೆಯಿಂದ ಕೇಳಿದಳು.

ಮಿಹ್ಯಾಂಗಳ ಗಂಡನೂ ಮೊದಲ ಹೆಂಡತಿಯ ಮಕ್ಕಳಿಗೆ ಕೊಡುವ ದುಡ್ಡನ್ನು ಕಡಿಮೆ ಮಾಡಿಸಲೆಂದೇ ಒಳಗೆ ಹೋಗಿದ್ದ. ಅವಳು ಕೂಸನ್ನು ಎದೆಗೆ ಅವುಚಿಕೊಂಡಳು. ಉತ್ತರಕ್ಕೆ ಕಾಯದೆ ಅವರಿಬ್ಬರೂ ಒಳಗೆ ಹೋದರು.