ಟಗರಿನ ಮಾತು ಬೇರೆ

ಜತ್ತದ ದವಾಖಾನೆಯ ಕಟ್ಟೆಯ ಮೇಲೆ ಕೆಮ್ಮಿನ ಔಷಧಿಗೆಂದು ಕೂತಿದ್ದೆ. ಡಾಕ್ಟರರ ಕೋಣೆಯಿಂದ ಹೊರಬಂದ ಅತ್ತೆ ಸೊಸೆ ಪಕ್ಕದಲ್ಲೇ ಕೂತರು. ಮಾಡಗ್ಯಾಳದ ಕಡೆಯ ಕುರಿಗಾರರು. ಮೊದಲು ಮಾತಾಡಿದವಳು ಸೊಸೆ.

"ಹೊಟ್ಟ್ಯಾಗ ಕೂಸು ಸಾಯೂದು ಗರ್ಮಿ ರೋಗದಿಂದ ಅಂದ್ರಲ್ಲರಿ ಅತ್ತಿ. ಗಂಡಗೂ ಸೂಜಿ ಮಾಡಬೇಕಂತ. ಕರಕೊಂಡು ಬರ್ರಿ ಅಂದ್ರು."

"ನನ್ನ ಮಗ ಅಮಸಿದ್ದಗ ಏನಾಗೇತಿ? ಗುಂಡಕಲ್ಲಿನಂಗ ಅದಾನ."

"ಸೊಲ್ಲಾಪುರದ ಗಿರಣ್ಯಾಗ ಇದ್ದಾಗ ಹುಣ್ಣಾಗಿತ್ತಂತ. ಅವರ ನನ್ನ ಮುಂದ ಹೇಳ್ಯಾರ."

"ಅದು ಆಗಳೇ ಮಾಯ್ತು."

"ಮಾಯ್ದ್ರೂ ಮೈಯಾಗ ಇರತೈತಂತ. ಅಲ್ಲಿಂದ ನನಗ, ನನ್ನಿಂದ ಕೂಸಿಗೆ."

"ಸಣ್ಣ ದನೀಲೆ ಮಾತಾಡು. ಮಂದಿ ಅದಾರ."

ನಾನು ಕೆಮ್ಮು ತಡೆದುಕೊಂಡು ಬೇರೆ ಕಡೆ ನೋಡಿದೆ.

"ಕುರಿ ಒಂದರ ಮ್ಯಾಲೊಂದು ದಿನ ತುಂಬದ ಕಂದು ಹಾಕಿದ್ರ ನೀವು ಮೊದಲ ಟಗರ ಹಿಂಡಿನ ಹೊರಗ ಕಟ್ಟಸ್ತೀರಿ, ಅತ್ತಿ."

ಅತ್ತೆ ಡಾಕ್ಟರರ ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡಳು.

"ಟಗರಿನ ಮಾತ ಬ್ಯಾರೆ. ನಿಮ್ಮಪ್ಪಗ ಹೇಳಿ ಕಳಸೀನಿ. ಸುಗ್ಗಿ ಮುಗದ ಮ್ಯಾಲ ನಿನ್ನ ತಂಗೀನ ಅಮಸಿದ್ದಗ ತರ್ತೀವಿ."

"ನಿಂಬೆವ್ವನ್ನ?"

"ಹೂಂ. ನೀನೂ ಇರು, ಆಕೀನೂ ಇರಲಿ. ನಿನ್ನ ಯಾರೂ ಹೊರಗ ಹಾಕೂದಿಲ್ಲ."

"ಮೊದಲ ಅವರಿಗೆ ಸೂಜಿ ಮಾಡಸ್ರಿ, ಅತ್ತಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಆಕಿ ಗಟ್ಟಿ ಅದಾಳ. ಆಕೀಗೇನೂ ಆಗೂದಿಲ್ಲ. ಏಳು, ಮೋಟಾರ ಹೊಂಟೀತು."

ಸೊಸೆ ಏಳಲಿಲ್ಲ.

"ಸೂಜಿ ಮಾಡಿಸ್ಕೊಂಡೀದಿ, ಗಾಳಿ ಬಡದೀತು," ಎನ್ನುತ್ತ ಅತ್ತೆ ತನ್ನ ಕಂಬಳಿಯನ್ನೇ ತೆಗೆದು ಸೊಸೆಗೆ ಹೊದಿಸಿದಳು. ಆಮೇಲೆ ತೋಳು ಹಿಡಿದು ಎಬ್ಬಿಸಿ, ಮೆಲ್ಲಗೆ ನಡೆಸಿಕೊಂಡು ಹೋದಳು.